ಹೇಳಲು ನಾಚುವ ದಾರಿ: ನಮ್ಮ ಮೂತ್ರಾಂಗಗಳು ಕೆಲಸ ಮಾಡುವ ಬಗೆ



ಚರ್ಚಿನ ವಾರ್ಷಿಕ ಹಬ್ಬದ ದಿನ ಬೆಳಿಗ್ಗೆ ಮನೆಯಿಂದ ಹೊರಡುವಾಗ ಎಷ್ಟೋ ಮಂದಿ ಸ್ತ್ರೀಯರು ಬೇಕೆಂದೇ ನೀರು ಕುಡಿಯುವುದಿಲ್ಲ. ಚಾ ಕುಡಿದರೂ ಅರ್ಧ ಲೋಟಕ್ಕೇ ಬಿಡುತ್ತಾರೆ. ಬಲಿಪೂಜೆ, ಊಟ, ಸಭಾ ಕಾರ್ಯಕ್ರಮ ಎಲ್ಲ ಮುಗಿದು ಮನೆ ಮುಟ್ಟುವವರೆಗೆ ಶೌಚಾಲಯಕ್ಕೆ ಹೋಗುವ ಪ್ರಸಂಗ ಬರಬಾರದು ಎಂಬುದು ಅವರ ಲೆಕ್ಕ. ಅದೇ ದೇವಾಲಯದ ಕೊನೆಯ ಬೆಂಚನ್ನೂ ಒಮ್ಮೆ ಗಮನಿಸಿ. ಬಾಗಿಲ ಪಕ್ಕದಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಅಲ್ಲಿ ಕುಳಿತದ್ದು ಭಕ್ತಿ ಕಡಿಮೆಯಾದ ಕಾರಣಕ್ಕಲ್ಲ. ಪ್ರವಚನದ ನಡುವೆ ಒಮ್ಮೆ ಎದ್ದು ಹೋಗಲೇಬೇಕಾಗುತ್ತದೆ, ಆಗ ಯಾರ ಕಣ್ಣಿಗೂ ಬೀಳಬಾರದು ಎಂದು.

ಕೆಮ್ಮು ಬಂದರೆ ನೆರೆಮನೆಯವರಿಗೂ ಹೇಳುತ್ತೇವೆ. ಗಂಟುನೋವಿನ ಬಗ್ಗೆ ಮಾತು ತೆಗೆದರೆ ಅರ್ಧ ಗಂಟೆ ಸಾಲದು. ಆದರೆ ಮೂತ್ರದ ತೊಂದರೆಯನ್ನು ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಗಳಿಗೆ ಹೇಳುವುದಿಲ್ಲ. ಹೇಳದೆ ಉಳಿದ ಕಾರಣಕ್ಕೇ ಮೂರು ದಿನದ ಮಾತ್ರೆಯಲ್ಲಿ ಮುಗಿಯಬೇಕಾದ ಸಂಗತಿ ಆಸ್ಪತ್ರೆಯ ಮಂಚದವರೆಗೆ ಹೋಗುವುದುಂಟು. ಈ ತೊಂದರೆಗಳಲ್ಲಿ ಹೆಚ್ಚಿನವು ಯಾರ ತಪ್ಪಿನಿಂದಲೂ ಬರುವುದಿಲ್ಲ, ದೇಹದ ರಚನೆಯಿಂದಲೇ ಬರುತ್ತವೆ. ಸ್ತ್ರೀಯರಲ್ಲಿ ಈ ದಾರಿ ತೀರ ಗಿಡ್ಡ. ಪುರುಷರಲ್ಲಿ ಅದು ಉದ್ದವಾಗಿದ್ದು ಒಂದು ಗ್ರಂಥಿಯ ನಡುವಿನಿಂದ ಹಾದು ಬರುತ್ತದೆ. ಇಷ್ಟು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಮೊದಲು ಮೇಲಿನಿಂದ ಆರಂಭಿಸೋಣ.

ಎರಡು ಮೂತ್ರಪಿಂಡಗಳು

ಕಿಡ್ನಿ ಎಂದು ನಾವೆಲ್ಲ ಕರೆಯುವ ಮೂತ್ರಪಿಂಡಗಳು ಹೊಟ್ಟೆಯಲ್ಲಿ ಮುಂದಕ್ಕೆ ಇಲ್ಲ. ಅವು ಬೆನ್ನಿನ ಕಡೆ, ಬೆನ್ನೆಲುಬಿನ ಎರಡು ಬದಿಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿವೆ. ಒಂದೊಂದೂ ಮುಷ್ಟಿಯಷ್ಟು ದೊಡ್ಡದು, 10ರಿಂದ 12 ಸೆ.ಮೀ. ಉದ್ದ, ಸುಮಾರು 150 ಗ್ರಾಂ ತೂಕ. ಬಲಗಡೆಯದು ಎಡಗಡೆಯದಕ್ಕಿಂತ ತುಸು ಕೆಳಗಿದೆ. ಮೇಲೆ ಯಕೃತ್ತು ಜಾಗ ಹಿಡಿದಿರುವುದೇ ಅದಕ್ಕೆ ಕಾರಣ.

ಇಷ್ಟು ಸಣ್ಣ ಅಂಗಗಳಿಗೆ ಹೃದಯದಿಂದ ಹೊರಡುವ ರಕ್ತದ ಐದನೆಯ ಒಂದು ಪಾಲು, ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ಹರಿಯುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿವೆ. ಪ್ರತಿಯೊಂದು ನೆಫ್ರಾನಿನ ತುದಿಯಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡ ಅತಿ ಸಣ್ಣ ರಕ್ತನಾಳಗಳಿವೆ. ಅದರ ಸುತ್ತಲಿರುವ ಬಟ್ಟಲನ್ನು 1842ರಲ್ಲಿ ವಿವರಿಸಿದವರು ಇಂಗ್ಲೆಂಡಿನ ವಿಲಿಯಂ ಬೌಮನ್. ಹಾಗಾಗಿ ಅದಕ್ಕೆ ಅವರದೇ ಹೆಸರು. ರಕ್ತದ ಒತ್ತಡದಿಂದ ನೀರು, ಉಪ್ಪು, ಸಕ್ಕರೆ, ಯೂರಿಯಾ ಎಲ್ಲವೂ ಈ ಬಟ್ಟಲಿಗೆ ಸೋಸಿ ಬೀಳುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ಮಾತ್ರ ರಕ್ತದಲ್ಲೇ ಉಳಿಯುತ್ತವೆ.

ಹೀಗೆ ಸೋಸಿ ಬೀಳುವುದು ದಿನಕ್ಕೆ ಸುಮಾರು 180 ಲೀಟರ್. ನಮ್ಮ ಅಂಗಳಗಳಲ್ಲಿ ನೀರು ತುಂಬಿಸಿಡುವ ನೀಲಿ ಡ್ರಮ್ಮಿನಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ. ಇದೆಲ್ಲ ಹೊರಗೆ ಹೋದರೆ ಮನುಷ್ಯ ಒಂದು ಗಂಟೆಯೂ ಬದುಕಲಾರ. ಆದ್ದರಿಂದ ಮೂತ್ರಪಿಂಡ ಎಲ್ಲವನ್ನೂ ಮೊದಲು ಹೊರಗೆ ಸುರಿದು, ಆಮೇಲೆ ಬೇಕಾದದ್ದನ್ನು ಆರಿಸಿ ಒಳಗೆ ಎಳೆದುಕೊಳ್ಳುತ್ತದೆ. ಉದ್ದನೆಯ ಸುರುಳಿ ನಾಳದಲ್ಲಿ ಸಾಗುವಾಗ ನೂರರಲ್ಲಿ 99 ಪಾಲು ನೀರು ಮರಳಿ ರಕ್ತ ಸೇರುತ್ತದೆ, ಸಕ್ಕರೆ ಬಹುತೇಕ ಪೂರ್ತಿ ಮರಳುತ್ತದೆ. ಕೊನೆಗೆ ಉಳಿಯುವ ಒಂದೂವರೆ ಲೀಟರಿನಷ್ಟು ದ್ರವವೇ ಮೂತ್ರ. ಅದರ ಜೊತೆಗೆ ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತಕಣಗಳನ್ನು ಹುಟ್ಟಿಸಲು ಎಲುಬಿನ ಮಜ್ಜೆಗೆ ಸಂದೇಶ ಕಳುಹಿಸುವುದು, ಡಿ ಜೀವಸತ್ವವನ್ನು ಕೆಲಸಕ್ಕೆ ಬರುವಂತೆ ಮಾರ್ಪಡಿಸುವುದು ಕೂಡ ಇದರದೇ ಹೊಣೆ. ಕಿಡ್ನಿ ಕೆಟ್ಟವರ ಮುಖ ಬಿಳಿಚಿಕೊಳ್ಳುವುದು, ಎಲುಬು ಸೊರಗುವುದು ಏಕೆಂದು ಇದರಿಂದ ತಿಳಿಯಬಹುದು.

ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟಿದರೆ ಈ ನಾಳಗಳಿಗೆ ಅದನ್ನೆಲ್ಲ ಮರಳಿ ಎಳೆದುಕೊಳ್ಳಲಾಗದು; ಉಳಿದದ್ದು ಮೂತ್ರದೊಡನೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದೊಯ್ಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬಾಯಾರಿಕೆಯೂ ಪದೇಪದೇ ಮೂತ್ರವೂ ಜೊತೆಯಾಗಿ ಬರುವುದು ಹೀಗೆ. ಈಗ ವೈದ್ಯರು ಹೆಚ್ಚಾಗಿ ಬರೆದುಕೊಡುವ ಡಾಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳು ಸಕ್ಕರೆಯನ್ನು ಬೇಕೆಂದೇ ಮೂತ್ರದಲ್ಲಿ ಹೊರಗೆ ಕಳುಹಿಸುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮದ್ದು. ಆದರೆ ಸಿಹಿಯಾದ ಜಾಗದಲ್ಲಿ ಬೂಸು ಬೆಳೆಯುವಂತೆ ಕೆಲವರಿಗೆ ಗುಪ್ತಾಂಗದಲ್ಲಿ ಶಿಲೀಂಧ್ರದಿಂದ ತುರಿಕೆ ಬರುತ್ತದೆ. ನಾಚಿಕೆಯಿಂದ ಮಾತ್ರೆಯನ್ನೇ ಗುಟ್ಟಾಗಿ ನಿಲ್ಲಿಸುವುದಕ್ಕಿಂತ ಡಾಕ್ಟರರಿಗೆ ಹೇಳಿದರೆ ಮುಲಾಮಿನಲ್ಲಿ ಗುಣವಾಗುತ್ತದೆ.

ಮೂತ್ರಪಿಂಡದ ದೊಡ್ಡ ದೋಷವೆಂದರೆ ಅದು ದೂರುವುದಿಲ್ಲ. ಅರ್ಧ ಶಕ್ತಿ ಹೋದ ಮೇಲೂ ನೋವಿಲ್ಲ, ಮೂತ್ರವೂ ಬರುತ್ತಲೇ ಇರುತ್ತದೆ. ರಕ್ತದ ಕ್ರಿಯಾಟಿನಿನ್ ಅಂಶ ಏರುವಷ್ಟರಲ್ಲಿ ಬಹಳಷ್ಟು ನೆಫ್ರಾನ್‌ಗಳು ಸತ್ತಿರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ನೋಡಿಸಿಕೊಳ್ಳಬೇಕು. ಸೋರಿಕೆ ಮೊದಲು ಕಾಣಿಸುತ್ತದೆ, ಕ್ರಿಯಾಟಿನಿನ್ ಆಮೇಲೆ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫಿನಾಕ್‌ನಂತಹ ಮಾತ್ರೆಗಳು ವಯಸ್ಸಾದವರ ಕಿಡ್ನಿಗೆ ಒಳ್ಳೆಯದಲ್ಲ. ವಾಂತಿ-ಭೇದಿಯಾಗಿ ದೇಹ ಒಣಗಿರುವಾಗಂತೂ ಮುಟ್ಟಲೇಬಾರದು.

ಇನ್ನೊಂದು ಸಂಗತಿ ನಮ್ಮ ಹಿತ್ತಿಲಿಗೇ ಸಂಬಂಧಿಸಿದ್ದು. ಮೀನಿನ ಸಾರಿಗೂ ಉಪ್ಪಿನಕಾಯಿಗೂ ನಾವು ಬಳಸುವ ಬಿಂಬುಳಿಯ ರಸ ಕೊಲೆಸ್ಟ್ರಾಲಿಗೆ ಮದ್ದೆಂದು ಕೆಲವರು ಹಸಿಯಾಗಿ ಹಿಂಡಿ ಕುಡಿಯುತ್ತಾರೆ. ಹೀಗೆ ಕುಡಿದವರಲ್ಲಿ ಕೆಲವರಿಗೆ ಕಿಡ್ನಿ ಇದ್ದಕ್ಕಿದ್ದಂತೆ ಕೈಕೊಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಬಿಂಬುಳಿಯಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಆ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಾರಿಗೆ ನಾಲ್ಕು ಬಿಂಬುಳಿ ಹಾಕಿದರೆ ಏನೂ ಆಗದು, ಲೋಟದಲ್ಲಿ ಹಿಂಡಿ ಕುಡಿಯುವುದು ಬೇಡ.

ಮೂತ್ರಕೋಶದ ತಾಳ್ಮೆ

ಪ್ರತಿ ಮೂತ್ರಪಿಂಡದಿಂದ ಸುಮಾರು 25 ಸೆ.ಮೀ. ಉದ್ದದ ಒಂದೊಂದು ಮೂತ್ರನಾಳ ಕೆಳಗಿಳಿಯುತ್ತದೆ. ಇದು ಬರಿಯ ಕೊಳವೆಯಲ್ಲ, ಸ್ನಾಯುವಿನ ಗೋಡೆಯುಳ್ಳದ್ದು. ಅನ್ನನಾಳ ತುತ್ತನ್ನು ತಳ್ಳುವಂತೆ ಇದೂ ಮೂತ್ರವನ್ನು ಹನಿಹನಿಯಾಗಿ ತಳ್ಳುತ್ತದೆ. ಕಲ್ಲು ಸಿಕ್ಕಿಕೊಂಡಾಗ ಅದನ್ನು ಹೊರಗೆ ತಳ್ಳಲು ಈ ಸ್ನಾಯು ಹಿಂಡಿ ಹಿಂಡಿ ಪ್ರಯತ್ನಿಸುವುದರಿಂದಲೇ ಬೆನ್ನ ಪಕ್ಕದಿಂದ ತೊಡೆಸಂದಿಯವರೆಗೆ ಇಳಿಯುವ ಆ ಭಯಂಕರ ನೋವು. ಮೂತ್ರನಾಳ ಮೂತ್ರಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಹೋಗುತ್ತದೆ. ಕೋಶ ತುಂಬಿ ಹಿಗ್ಗಿದಾಗ ಆ ಓರೆದಾರಿ ತಾನೇ ಒತ್ತಿ ಮುಚ್ಚಿಕೊಳ್ಳುವುದರಿಂದ ಮೂತ್ರ ಹಿಂದಕ್ಕೆ ಕಿಡ್ನಿಯತ್ತ ಹೋಗುವುದಿಲ್ಲ.

ಮೂತ್ರಕೋಶ ಕಿಬ್ಬೊಟ್ಟೆಯ ಎಲುಬಿನ ಹಿಂದಿರುವ ಹಿಗ್ಗುವ ಚೀಲ. ಸುಮಾರು 200 ಮಿ.ಲೀ. ತುಂಬಿದಾಗ ಮೊದಲ ಸೂಚನೆ ಬರುತ್ತದೆ. ‘ಇನ್ನೂ ತಡೆಯಬಹುದು’ ಎಂದು ಮಿದುಳು ಹೇಳುತ್ತದೆ. 400-500 ಮಿ.ಲೀ. ಆಗುವಾಗ ತಡೆಯುವುದು ಕಷ್ಟ. ಚೀಲದ ಬಾಯಿಯಲ್ಲಿ ನಮ್ಮ ಇಚ್ಛೆಗೆ ಬಾರದ ಬಿಗಿತವೊಂದು, ಅದರ ಕೆಳಗೆ ನಮ್ಮ ಇಚ್ಛೆಯಂತೆ ನಡೆಯುವ ಬಿಗಿತ ಇನ್ನೊಂದು. ಪುಟ್ಟ ಮಗುವಿಗೆ ಈ ಎರಡನೆಯದರ ಮೇಲೆ ಹಿಡಿತವಿಲ್ಲ, ಅದು ಎರಡು-ಮೂರು ವರ್ಷಗಳಲ್ಲಿ ಕಲಿಯುವಂಥದ್ದು. ಲಕ್ವ ಹೊಡೆದವರಲ್ಲಿ, ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಹಲವು ವರ್ಷ ಸಕ್ಕರೆ ಕಾಯಿಲೆಯಿಂದ ನರ ಸೋತವರಲ್ಲಿ ಈ ಹಿಡಿತ ತಪ್ಪುತ್ತದೆ. ಹಾಸಿಗೆ ಒದ್ದೆ ಮಾಡುವ ಅಜ್ಜನನ್ನು ಗದರುವವರು ಇದನ್ನು ನೆನಪಿಡಬೇಕು: ಅಜ್ಜನ ಕೈಯಲ್ಲಿ ಅದಿಲ್ಲ.

ನಾಲ್ಕು ಸೆಂಟಿಮೀಟರ್

ಮೂತ್ರಕೋಶದಿಂದ ಹೊರಗೆ ಬರುವ ನಾಳ ಸ್ತ್ರೀಯರಲ್ಲಿ ಕೇವಲ 4 ಸೆ.ಮೀ. ಪುರುಷರಲ್ಲಿ ಅದು 18ರಿಂದ 20 ಸೆ.ಮೀ. ಸ್ತ್ರೀಯರ ಈ ನಾಳದ ಬಾಯಿ ಯೋನಿದ್ವಾರದ ಸ್ವಲ್ಪ ಮುಂದೆ ತೆರೆಯುತ್ತದೆ, ಗುದದ್ವಾರವೂ ಹೆಚ್ಚು ದೂರವಿಲ್ಲ. ಮೂತ್ರದ ದಾರಿಯೂ ಹೆರಿಗೆಯ ದಾರಿಯೂ ಒಂದೇ ಎಂದು ಮದುವೆಯಾಗಿ ಮಕ್ಕಳಾದವರೂ ತಿಳಿದಿರುವುದುಂಟು. ಹಾಗಲ್ಲ, ಅವು ಬೇರೆ ಬೇರೆ ದಾರಿಗಳು.

ಕರುಳಿನಲ್ಲಿ ನಮಗೆ ತೊಂದರೆ ಕೊಡದೆ ಬದುಕುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಈ 4 ಸೆ.ಮೀ. ದಾಟುವುದು ದೊಡ್ಡ ಕೆಲಸವಲ್ಲ. ಮೂತ್ರದ ಸೋಂಕುಗಳಲ್ಲಿ ಹೆಚ್ಚಿನವುಗಳಿಗೆ ಇದೇ ಕಾರಣ. ಹೆಚ್ಚುಕಡಿಮೆ ಅರ್ಧದಷ್ಟು ಸ್ತ್ರೀಯರಿಗೆ ಜೀವನದಲ್ಲಿ ಒಮ್ಮೆಯಾದರೂ ಉರಿಮೂತ್ರ ಬರುತ್ತದೆ ಎಂದರೆ ಇದು ಎಷ್ಟು ಸಾಮಾನ್ಯವೆಂದು ತಿಳಿಯಬಹುದು. ಮದುವೆಯಾದ ಹೊಸತರಲ್ಲಿ ದಾಂಪತ್ಯ ಸಂಬಂಧದ ನಂತರ ಇದು ಕಾಣಿಸಿಕೊಳ್ಳುವುದು ಬಹಳ. ರೋಗಾಣು ನಾಳದೊಳಕ್ಕೆ ತಳ್ಳಲ್ಪಡುವುದೇ ಕಾರಣ. ಇದು ಲೈಂಗಿಕ ರೋಗವಲ್ಲ. ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ಸಂಶಯದಿಂದ ನೋಡುವ ಅಗತ್ಯ ಎಳ್ಳಷ್ಟೂ ಇಲ್ಲ. ಸಂಬಂಧದ ಬಳಿಕ ಮೂತ್ರ ಮಾಡಿದರೆ ಒಳಗೆ ಸೇರಿದ್ದು ತೊಳೆದುಹೋಗಲು ಸಹಾಯವಾಗುತ್ತದೆ. ಮದುವೆ ಸಿದ್ಧತಾ ಶಿಬಿರಗಳಲ್ಲಿ ಈ ಒಂದು ಮಾತನ್ನು ಎರಡು ನಿಮಿಷ ಹೇಳಿದರೂ ಎಷ್ಟೋ ಹೊಸ ಸಂಸಾರಗಳಲ್ಲಿ ವ್ಯರ್ಥ ಕಣ್ಣೀರು ತಪ್ಪೀತು ಎಂದು ನಮಗನಿಸುತ್ತದೆ.

ಈಗ ನೀರು ಕುಡಿಯದ ಲೆಕ್ಕಕ್ಕೆ ಬರೋಣ. ಮೂತ್ರಕೋಶಕ್ಕೆ ಹತ್ತಿದ ರೋಗಾಣುಗಳು ಅನುಕೂಲವಿದ್ದರೆ ಒಂದು ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ಅವುಗಳನ್ನು ಹೊರಗಟ್ಟಲು ದೇಹಕ್ಕಿರುವ ಮೊದಲ ಉಪಾಯವೇ ಮೂತ್ರದ ಹರಿವು. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರಿಲ್ಲದೆ, ಬಂದದ್ದನ್ನೂ ತಡೆದು ಕುಳಿತರೆ ನಿಂತ ನೀರಿನಲ್ಲಿ ಪಾಚಿ ಕಟ್ಟಿದ ಹಾಗೆಯೇ. ಒಂದು ದಿನ ತಡೆದರೆ ಆಕಾಶ ಬೀಳುವುದಿಲ್ಲ, ಅಭ್ಯಾಸವಾಗಬಾರದು ಅಷ್ಟೆ. ಬೀಡಿ ಕಟ್ಟುತ್ತಾ ಒಂದೇ ಕಡೆ ಕುಳಿತಿರುವವರು, ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು, ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಮನೆಗೆ ಬರುವವರೆಗೆ ತಡೆಯುವ ಮಕ್ಕಳು ಇದನ್ನು ದಿನವೂ ಮಾಡುತ್ತಾರೆ.

ನೀರಿನ ಗುಣ ಬರಿಯ ಅಜ್ಜಿಯ ಮಾತಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಉರಿಮೂತ್ರ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಯಲು ಹೇಳಲಾಯಿತು. ಒಂದು ವರ್ಷದಲ್ಲಿ ಹೆಚ್ಚು ಕುಡಿದವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ, ಮೊದಲಿನಂತೆಯೇ ಇದ್ದವರಿಗೆ 3.2 ಸಲ ಬಂತು. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಅದೂ ಬರಿಯ ನೀರಿನಿಂದ. ನಮ್ಮ ಕರಾವಳಿಯ ಸೆಕೆಗೆ ಬೆವರಿನಲ್ಲೇ ಎಷ್ಟೋ ನೀರು ಹೋಗುತ್ತದೆ, ಆದ್ದರಿಂದ ಮೂತ್ರ ತಿಳಿಹಳದಿಯಾಗಿರುವಷ್ಟು ಕುಡಿಯಬೇಕು. ಗಂಜಿತಿಳಿ, ಮಜ್ಜಿಗೆ, ಪುನರ್ಪುಳಿ ಶರಬತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ ಅಥವಾ ಕಿಡ್ನಿ ಸೋತು ‘ನೀರು ಕಡಿಮೆ ಕುಡಿಯಿರಿ’ ಎಂದು ಡಾಕ್ಟರರು ಹೇಳಿದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಸೋಂಕು ಹತ್ತಿದ ಮೇಲೆ ಬಾರ್ಲಿ ನೀರು ಸ್ವಲ್ಪ ತಂಪೆನಿಸಬಹುದು, ಆದರೆ ಅದು ಮದ್ದಿನ ಜಾಗದಲ್ಲಿ ನಿಲ್ಲುವುದಿಲ್ಲ.

ಉರಿ, ಪದೇಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆಯ ನೋವು - ಇಷ್ಟಿದ್ದರೆ ಸೋಂಕು ಕೆಳಗೇ, ಮೂತ್ರಕೋಶದಲ್ಲೇ ಇದೆ ಎನ್ನಬಹುದು. ಚಳಿಜ್ವರ, ವಾಂತಿ, ಬೆನ್ನ ಪಕ್ಕದಲ್ಲಿ ನೋವು ಸೇರಿಕೊಂಡರೆ ಅದು ಮೂತ್ರಪಿಂಡಕ್ಕೆ ಏರಿದೆ. ಅಂದೇ ಆಸ್ಪತ್ರೆಗೆ ಹೋಗಬೇಕು. ಹಿಂದೊಮ್ಮೆ ಕೊಟ್ಟ ಚೀಟಿಯನ್ನು ತೋರಿಸಿ ಮದ್ದಿನಂಗಡಿಯಿಂದ ಅದೇ ಮಾತ್ರೆ ತರುವವರು ನಮ್ಮಲ್ಲಿ ಬಹಳ. ಬೇಕಾಬಿಟ್ಟಿ ಬಳಸಿದ ಫಲವಾಗಿ ಸಿಪ್ರೊಫ್ಲಾಕ್ಸಸಿನ್‌ನಂತಹ ಮಾತ್ರೆಗಳು ನಮ್ಮ ದೇಶದ ಇ. ಕೋಲಿಗಳಲ್ಲಿ ಬಹುಪಾಲಿಗೆ ಇಂದು ತಾಗುವುದೇ ಇಲ್ಲ. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಟ್ಟು ಯಾವ ಮದ್ದು ತಾಗುತ್ತದೆಂದು ನೋಡುವುದು ಆ ಕಾರಣಕ್ಕಾಗಿಯೇ. ಪರೀಕ್ಷೆಗೆ ಕೊಡುವಾಗ ತೊಳೆದುಕೊಂಡು, ಮೊದಲು ಬಂದದ್ದನ್ನು ಬಿಟ್ಟು, ನಡುವಿನದ್ದನ್ನು ಆಸ್ಪತ್ರೆಯವರು ಕೊಟ್ಟ ಶುಚಿಯಾದ ಡಬ್ಬಿಯಲ್ಲಿ ಹಿಡಿಯಬೇಕು. ಮನೆಯ ಹಳೆ ಟಾನಿಕ್ ಬಾಟಲಿ ಆಗದು.

ಗರ್ಭಿಣಿಯರ ವಿಷಯ ಬೇರೆಯೇ. ಗರ್ಭಕಾಲದ ಹಾರ್ಮೋನು ಮೂತ್ರನಾಳಗಳನ್ನು ಸಡಿಲಗೊಳಿಸುತ್ತದೆ, ಬೆಳೆಯುವ ಗರ್ಭಕೋಶ ಮೇಲಿನಿಂದ ಒತ್ತುತ್ತದೆ, ಮೂತ್ರ ನಿಧಾನವಾಗುತ್ತದೆ. ಉರಿಯೇ ಇಲ್ಲದೆ ಮೂತ್ರದಲ್ಲಿ ರೋಗಾಣು ಇರಬಹುದು, ಮದ್ದು ಮಾಡದಿದ್ದರೆ ಅದು ಕಿಡ್ನಿಗೆ ಏರಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ‘ನನಗೇನೂ ಇಲ್ಲ, ಪರೀಕ್ಷೆ ಯಾಕೆ?’ ಎಂದು ಕೇಳುವ ಸೊಸೆಗೆ ಅತ್ತೆಯಂದಿರು ಉತ್ತರ ಹೇಳಬಹುದು: ಏನೂ ಇಲ್ಲವೆಂದು ಕಾಣುವಾಗಲೇ ನೋಡಬೇಕಾದ್ದು ಇದು. ಮುಟ್ಟು ನಿಂತ ಮೇಲೆ ಇನ್ನೊಂದು ಬದಲಾವಣೆ. ಈಸ್ಟ್ರೋಜೆನ್ ಇಳಿದಾಗ ಯೋನಿಯಲ್ಲಿ ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ, ಚರ್ಮ ತೆಳುವಾಗುತ್ತದೆ, ಸೋಂಕು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಹಚ್ಚುವ ಮುಲಾಮು ಇದೆ, ಸ್ತ್ರೀರೋಗ ತಜ್ಞರನ್ನು ಕೇಳಬೇಕು.

ಕೆಮ್ಮಿದಾಗ, ಸೀನಿದಾಗ, ನಕ್ಕಾಗ ತುಸು ಮೂತ್ರ ಜಾರುವ ತೊಂದರೆ ಹೆತ್ತ ತಾಯಂದಿರಲ್ಲಿ ಬಹಳ ಮಂದಿಗೆ ಇದೆ, ಹೇಳುವವರು ಮಾತ್ರ ಯಾರೂ ಇಲ್ಲ. ಕೆಮ್ಮುವಾಗ ಹೊಟ್ಟೆಯ ಸ್ನಾಯುಗಳು ಒಮ್ಮೆಲೇ ಒತ್ತಿದಾಗ ಆ ಒತ್ತಡ ನೇರ ಮೂತ್ರಕೋಶದ ಮೇಲೆ ಬೀಳುತ್ತದೆ. ಕೆಳಗಿನಿಂದ ಅದನ್ನು ತೊಟ್ಟಿಲಿನಂತೆ ಹಿಡಿದಿರುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲವಾಗಿದ್ದರೆ ಬಿಗಿತ ಸಾಲುವುದಿಲ್ಲ. ಕೋಯರ್‌ನಲ್ಲಿ ಹಾಡುವುದನ್ನು ಬಿಟ್ಟವರು, ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರು ಈ ಒಂದು ಕಾರಣಕ್ಕೆ ಇದ್ದಾರೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೇಗಲ್ 1948ರಲ್ಲಿ ಇದಕ್ಕೊಂದು ವ್ಯಾಯಾಮ ಪ್ರಕಟಿಸಿದರು. ಇಂದಿಗೂ ಮೊದಲ ಚಿಕಿತ್ಸೆ ಅದೇ. ಮೂತ್ರವನ್ನೂ ವಾಯುವನ್ನೂ ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೇವೋ ಅದನ್ನೇ ಬಿಗಿದು ಐದಾರು ಸೆಕೆಂಡು ಹಿಡಿದು ಸಡಿಲಿಸುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಜಪಸರ ಹಿಡಿದು ಕುಳಿತಲ್ಲೇ ಮಾಡಬಹುದು, ಪಕ್ಕದವರಿಗೂ ತಿಳಿಯದು. ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ.

ಕೊನೆಯ ಬೆಂಚಿನ ಹಿರಿಯರು

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಹೊರನಾಳದ ಸುತ್ತ, ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಉದ್ದನೆಯ ನಾಳದಲ್ಲಿ ಮೇಲೇರಿ, ಸುತ್ತಿ ಬಂದು, ಇಲ್ಲಿಯೇ ಮೂತ್ರದ ದಾರಿಯನ್ನು ಸೇರುತ್ತವೆ. ವೀರ್ಯದ ದ್ರವದಲ್ಲಿ ಒಂದು ಪಾಲು ಪ್ರಾಸ್ಟೇಟಿನದು. ಸ್ತ್ರೀಯರಲ್ಲಿ ಬೇರೆ ಬೇರೆಯಾದ ಎರಡು ದಾರಿಗಳು ಪುರುಷರಲ್ಲಿ ಇಲ್ಲಿಂದ ಮುಂದೆ ಒಂದೇ. ವೀರ್ಯ ಹೊರಬರುವಾಗ ಮೂತ್ರಕೋಶದ ಬಾಯಿ ತಾನೇ ಮುಚ್ಚಿಕೊಂಡು ಎರಡೂ ಬೆರೆಯದಂತೆ ನೋಡಿಕೊಳ್ಳುತ್ತದೆ.

ದಾರಿಯ ಸುತ್ತಲೇ ಗ್ರಂಥಿ ಇದ್ದರೆ ಏನಾದೀತು? ಐವತ್ತು ದಾಟಿದ ಮೇಲೆ ಹೆಚ್ಚಿನವರಲ್ಲಿ ಅದು ನಿಧಾನವಾಗಿ ಊದುತ್ತದೆ. ಇದು ಕ್ಯಾನ್ಸರಲ್ಲ, ತಲೆಗೂದಲು ನರೆತಂತೆ ವಯಸ್ಸಿನ ಗುಣ. ನಾಳ ಇಕ್ಕಟ್ಟಾಗಿ ಧಾರೆ ತೆಳುವಾಗುತ್ತದೆ, ಆರಂಭವಾಗಲು ನಿಂತು ಕಾಯಬೇಕಾಗುತ್ತದೆ, ಮುಗಿದ ಮೇಲೂ ಹನಿಯುತ್ತದೆ, ರಾತ್ರಿ ಮೂರು-ನಾಲ್ಕು ಸಲ ಏಳಬೇಕಾಗುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು ಜಾರಿ ಬಿದ್ದು ಸೊಂಟ ಮುರಿದುಕೊಂಡವರ ಕಥೆಯ ಮೊದಲ ಪುಟದಲ್ಲಿ ಎಷ್ಟೋ ಸಲ ಪ್ರಾಸ್ಟೇಟ್ ಇರುತ್ತದೆ. ಮಾತ್ರೆಗಳಿವೆ, ಮಾತ್ರೆಗೆ ಬಗ್ಗದಿದ್ದರೆ ಹೊರನಾಳದ ಮೂಲಕವೇ ದುರ್ಬೀನು ಹಾಕಿ ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಹೊಟ್ಟೆ ಕೊಯ್ಯಬೇಕೆಂಬ ಹೆದರಿಕೆ ಬೇಡ.

ಒಂದು ಎಚ್ಚರಿಕೆ. ಪ್ರಾಸ್ಟೇಟ್ ಊದಿದವರು ಶೀತ-ಮೂಗುಕಟ್ಟಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಮೂಗನ್ನು ತೆರೆಯುವ ಅದೇ ಮದ್ದು ಮೂತ್ರಕೋಶದ ಬಾಯಿಯನ್ನು ಬಿಗಿಯುತ್ತದೆ, ನಿದ್ದೆ ತರಿಸುವ ಅಲರ್ಜಿಯ ಮಾತ್ರೆ ಕೋಶದ ಸ್ನಾಯುವನ್ನು ಸೋಲಿಸುತ್ತದೆ. ರಾತ್ರಿ ಮಲಗಿದವರು ಬೆಳಿಗ್ಗೆ ಎದ್ದಾಗ ಒಂದು ಹನಿಯೂ ಬಾರದೆ, ಹೊಟ್ಟೆ ಉಬ್ಬಿ, ನೋವಿನಿಂದ ಒದ್ದಾಡುತ್ತಾ ಆಸ್ಪತ್ರೆಗೆ ಬರುವುದು ಹೀಗೆ. ಡಾಕ್ಟರರು ಶೀತಕ್ಕೆ ಮದ್ದು ಬರೆಯುವ ಮೊದಲು ಅಜ್ಜ ಬಾಯಿಬಿಟ್ಟು ಹೇಳಬೇಕು.

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡು ನಿಂತರೂ, ಅದನ್ನು ಉಷ್ಣವೆಂದು ಸೀಯಾಳ ಕುಡಿದು ಮರೆಯಬಾರದು. ಮೂತ್ರಕೋಶದ ಕ್ಯಾನ್ಸರಿನ ಮೊದಲ ಗುರುತು ಅನೇಕ ಸಲ ನೋವಿಲ್ಲದ ರಕ್ತವೇ. ಅದಕ್ಕೆ ಮುಖ್ಯ ಕಾರಣ ತಂಬಾಕು: ಬೀಡಿ-ಸಿಗರೇಟಿನ ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಹೊಗೆ ಎದೆಗೆ ಮಾತ್ರ ಕೆಟ್ಟದ್ದೆಂದು ನಂಬಿದವರಿಗೆ ಇದು ಹೊಸ ವಿಷಯವಾಗಬಹುದು. ಪುರುಷರಲ್ಲಿ ಹಾಗೂ ಸಣ್ಣ ಮಕ್ಕಳಲ್ಲಿ ಉರಿಮೂತ್ರ ಬಂದರೂ ಕಾರಣ ಹುಡುಕಬೇಕು. ಮಗುವಿಗೆ ಕೆಮ್ಮು-ಶೀತವಿಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಬೇಕು.

ರೋಗಿಗಳ ಮನೆಗೆ ಹೋಗುವವರಿಗೆ

ವಾರ್ಡಿನ ಗುರ್ಕಾರರು, ಧರ್ಮಭಗಿನಿಯರು, ಸಂಘಗಳ ಸದಸ್ಯರು ಹಾಸಿಗೆ ಹಿಡಿದವರನ್ನು ನೋಡಲು ಹೋಗುವಾಗ ಮಂಚದ ಬದಿಯಲ್ಲಿ ಮೂತ್ರದ ಚೀಲ ತೂಗುತ್ತಿರುವುದನ್ನು ಕಂಡಿರಬಹುದು. ಒಳಗಿರುವ ಕೊಳವೆಗೆ ಕ್ಯಾಥೆಟರ್ ಎನ್ನುತ್ತಾರೆ. ಚೀಲ ಯಾವಾಗಲೂ ರೋಗಿಯ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸುವಾಗ ಪ್ರೀತಿಯಿಂದ ಚೀಲವನ್ನು ಎತ್ತಿ ಮಡಿಲಲ್ಲಿಡುವವರಿದ್ದಾರೆ. ಆಗ ಚೀಲದಲ್ಲಿದ್ದದ್ದು ಹಿಂದಕ್ಕೆ ಹರಿಯುತ್ತದೆ. ಚೀಲ ಅರ್ಧ-ಮುಕ್ಕಾಲು ತುಂಬಿದಾಗ ಕೈತೊಳೆದು ಖಾಲಿ ಮಾಡಬೇಕು. ಕೊಳವೆ ಮಡಚಿ ಮೈಯಡಿ ಸಿಕ್ಕಿದೆಯೇ ನೋಡಬೇಕು. ಬಹಳ ದಿನ ಕ್ಯಾಥೆಟರ್ ಇರುವವರ ಮೂತ್ರದಲ್ಲಿ ರೋಗಾಣು ಇದ್ದೇ ಇರುತ್ತದೆ, ಮೂತ್ರ ಕದಡಿದೆ ಎಂಬ ಒಂದೇ ಕಾರಣಕ್ಕೆ ಮಾತ್ರೆ ಬೇಡ. ಚಳಿಜ್ವರ ಬಂದರೆ, ಹರಿವು ನಿಂತರೆ, ರೋಗಿ ಇದ್ದಕ್ಕಿದ್ದಂತೆ ಮಂಕಾದರೆ ತಡ ಮಾಡಬಾರದು.

ರೋಗಿಗೆಂದು ನಾವು ಒಯ್ಯುವುದು ಹೆಚ್ಚಾಗಿ ಸೀಯಾಳ. ಕಿಡ್ನಿ ಸೋತವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಅದನ್ನು ಕೊಡಬೇಡಿ. ಸೀಯಾಳದಲ್ಲಿ ಪೊಟ್ಯಾಸಿಯಂ ಬಹಳ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿಗೆ ಅದಾಗದು. ರಕ್ತದಲ್ಲಿ ಅದು ಹೆಚ್ಚಿದರೆ ಹೃದಯದ ಬಡಿತವೇ ತಪ್ಪೀತು. ಬಾಳೆಹಣ್ಣು, ಕಿತ್ತಳೆ ರಸಕ್ಕೂ ಇದೇ ಮಾತು. ಮನೆಯವರನ್ನು ಕೇಳಿ ಬೇರೇನಾದರೂ ಒಯ್ಯಿರಿ, ಇಲ್ಲವೆ ಬರಿಗೈಯಲ್ಲಿ ಹೋಗಿ ಹತ್ತು ನಿಮಿಷ ಹೆಚ್ಚು ಕುಳಿತು ಬನ್ನಿ.

ಹಬ್ಬದ ಸಮಿತಿಯವರಲ್ಲಿ ಒಂದು ವಿನಂತಿಯೂ ಇದೆ. ಪೆಂಡಾಲು, ದೀಪಾಲಂಕಾರ, ಧ್ವನಿವರ್ಧಕಗಳ ಪಟ್ಟಿ ಮಾಡುವಾಗ ಸ್ತ್ರೀಯರ ಶೌಚಾಲಯವನ್ನೂ ಪಟ್ಟಿಯಲ್ಲಿ ಬರೆಯಿರಿ. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ, ನಳ್ಳಿಯಲ್ಲಿ ನೀರು, ಒಂದು ಬಕೆಟ್, ರಾತ್ರಿಗೆ ಒಂದು ಬಲ್ಬು, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳವಿರುವ ಡಬ್ಬಿ ಇರಲಿ. ಮೊಣಕಾಲು ಮಡಚಲಾಗದ ಅಜ್ಜಿಯರಿಗಾಗಿ ಒಂದಾದರೂ ಕಮೋಡ್ ಇದ್ದರೆ ಒಳ್ಳೆಯದು. ಸ್ತ್ರೀಯರಿಗೆ ಪುರುಷರಿಗಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ಅವರಿಗೆ ಹೆಚ್ಚು ಕೋಣೆಗಳು ಬೇಕು. ಅನೇಕ ಕಡೆ ಇರುವುದು ಇದಕ್ಕೆ ತದ್ವಿರುದ್ಧ. ಮತ್ತೆ, ಅದರ ಬೀಗದ ಕೀ ಯಾರ ಜೇಬಿನಲ್ಲಿದೆ ಎಂದು ಹುಡುಕುವ ಹಾಗೆ ಮಾಡಬೇಡಿ. ಹಬ್ಬದ ದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಬೀಗ ತೆಗೆದಿಡಿ.